ಬಾಗಿಲು ಹಾಕಿಸಿಕೊಳ್ಳಲು ನಿಂತ ಕಾರು ಗೆದ್ದದ್ದು ಹೇಗೆ?

ಪ್ರಶ್ನೆ: ನಾನು ಚಿತ್ರದುರ್ಗದವನು. ಎರಡು ಲಾರಿ ಇವೆ. ಸೀಸನ್ ಬಂದಾಗ ಈರುಳ್ಳಿ ಲೋಡ್ ಬೆಂಗಳೂರಿಗೆ ಹೊಡೆಯುತ್ತೇವೆ. ಮಗ ಡಿಪ್ಲೊಮಾ ಓದುತ್ತಿದ್ದಾನೆ, ಅವನಿಗೆ ಕಾರ್ ರೇಸ್ ಹುಚ್ಚು. ಮೊನ್ನೆ 2024ರ ಲೆ ಮಾನ್ಸ್ 24 ಗಂಟೆ ರೇಸಿನ ವಿಡಿಯೊ ಹಾಕಿ ನನ್ನನ್ನೂ ಕೂರಿಸಿಕೊಂಡ. ಇನ್ನು ಎರಡು ಗಂಟೆ ಇದೆ ಅನ್ನುವಾಗ ಕೆಂಪು ಫೆರಾರಿಯ ಬಾಗಿಲು ತೆರೆದುಕೊಂಡು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಅದನ್ನು ಒಳಗೆ ಕರೆಸಿ, ಬಾಗಿಲು ಹಾಕಿ ಕಳಿಸಿದರು. ಆದರೂ ಅದೇ ಗೆದ್ದಿತು. ನಿಂತ ಗಾಡಿ ಹೇಗೆ ಗೆಲ್ಲುತ್ತದೆ? ಮಗನನ್ನು ಕೇಳಿದರೆ 'ಅದು ಸ್ಟ್ರಾಟಜಿ ಅಪ್ಪ' ಅಂತಾನೆ. ಹಾಗಂದರೇನು? ಮತ್ತೆ, ನಮ್ಮ ದೇಶದವರು ಯಾರಾದರೂ ಅಲ್ಲಿ ಓಡಿಸಿದ್ದಾರಾ?

ಉತ್ತರ: ನಿಮ್ಮ ಮಗ ಹೇಳಿದ್ದು ಸುಳ್ಳಲ್ಲ. ಆದರೆ ಆ ಪದದಲ್ಲಿ ನಿಮಗೆ ಗೊತ್ತಿಲ್ಲದ್ದೇನೂ ಇಲ್ಲ. ದಿನಾ ಅದನ್ನೇ ಮಾಡುತ್ತೀರಿ.

ನಿಮ್ಮ ಲಾರಿ ರಾತ್ರಿ ದುರ್ಗ ಬಿಟ್ಟು ಬೆಳಗಿನ ಜಾವ ಯಶವಂತಪುರದ ಎಪಿಎಂಸಿ ಸೇರಬೇಕು. ಹಿರಿಯೂರು ದಾಟಿದ ಮೇಲೆ ಡ್ರೈವರ್ ಸ್ವಲ್ಪ ಜೋರಾಗಿ ಓಡಿಸಿ, ನಾಲ್ಕು ಗಾಡಿ ಹಿಂದೆ ಹಾಕಿ, ಐದು ನಿಮಿಷ ಉಳಿಸಿದ ಅಂತಿಟ್ಟುಕೊಳ್ಳಿ. ಶಿರಾ ಹತ್ತಿರ ಚಹಾಕ್ಕೆ ನಿಂತವನು ಮಾತಿಗೆ ಕೂತರೆ ಆ ಐದು ನಿಮಿಷ ಹೋಯಿತು, ಮೇಲೆ ಇನ್ನೂ ಹತ್ತು ಹೋಯಿತು. ಹಿಂದೆ ಬಿದ್ದಿದ್ದ ನಾಲ್ಕು ಗಾಡಿಯೂ ಮುಂದೆ. ಡೀಸೆಲ್ ಎಲ್ಲಿ ಹೊಡೆಸಬೇಕು, ಊಟಕ್ಕೆ ಎಲ್ಲಿ ನಿಲ್ಲಬೇಕು, ಸವೆದ ಟೈರಿನಲ್ಲಿ ಇನ್ನೊಂದು ಟ್ರಿಪ್ ಎಳೆಯಬಹುದಾ ಅಂತ ನೀವು ಹಾಕುವ ಲೆಕ್ಕ ಇದೆಯಲ್ಲ, ಲೆ ಮಾನ್ಸ್‌ನಲ್ಲಿ ಅದಕ್ಕೆ ಸ್ಟ್ರಾಟಜಿ ಅಂತಾರೆ. ಅಲ್ಲಿ ಆ ಲೆಕ್ಕ ಹಾಕಲು ಕಂಪ್ಯೂಟರ್ ಮುಂದೆ ಸಾಲಾಗಿ ಜನ ಕೂತಿರುತ್ತಾರೆ, ಅಷ್ಟೇ.

ಅಂದಹಾಗೆ ಅದು ಫ್ರಾನ್ಸಿನ ಒಂದು ಊರು. ನಾವು ಲೆ ಮಾನ್ಸ್ ಅಂದರೂ ಫ್ರೆಂಚರು ಕೊನೆಯ 'ಸ್' ಹೇಳುವುದಿಲ್ಲ. ನಾನು ದಾವಣಗೆರೆಯವನು, ನಮ್ಮ ಬಾಯಿಗೆ ಬಂದಂತೆ ಬರೆಯುತ್ತೇನೆ.

ಮೊದಲು ರಸ್ತೆ ಯಾವುದು ಅಂತ ತಿಳಿದುಕೊಳ್ಳಿ. ಒಂದು ಸುತ್ತಿಗೆ 13.626 ಕಿಲೋಮೀಟರ್. ಅದರಲ್ಲಿ ದೊಡ್ಡ ಭಾಗ ವರ್ಷವಿಡೀ ಲಾರಿ, ಬಸ್ಸು ಓಡಾಡುವ ಸಾಮಾನ್ಯ ರಸ್ತೆ. ರೇಸ್ ಇದ್ದಾಗ ಮುಚ್ಚುತ್ತಾರೆ. ನಮ್ಮ ಹಳೇ ಪಿ.ಬಿ. ರಸ್ತೆಯನ್ನು ಒಂದು ವಾರ ಬಂದ್ ಮಾಡಿ ರೇಸ್ ನಡೆಸಿದ ಹಾಗೆ. ಅದರ ಉದ್ದನೆಯ ನೇರ ದಾರಿಯಲ್ಲಿ ಮುಂಚೂಣಿ ಕಾರುಗಳು ಗಂಟೆಗೆ 330-340 ಕಿಲೋಮೀಟರ್ ಮುಟ್ಟುತ್ತವೆ. 2024ರಲ್ಲಿ ಗೆದ್ದ ಫೆರಾರಿ 24 ಗಂಟೆಯಲ್ಲಿ 311 ಸುತ್ತು ಹಾಕಿತು. ಗುಣಿಸಿದರೆ 4,200 ಕಿಲೋಮೀಟರಿಗೂ ಜಾಸ್ತಿ. ನಿಮ್ಮ ಲಾರಿ ದುರ್ಗದಿಂದ ಬೆಂಗಳೂರಿಗೆ ಹತ್ತು ಸಲ ಹೋಗಿ ಬಂದು, ಮತ್ತೊಂದು ಸಲ ಹೋದಷ್ಟು ದೂರ. ಅದೂ ಒಂದೇ ದಿನದಲ್ಲಿ.

ಇಷ್ಟು ಓಡಿದ ಮೇಲೆ ಎರಡನೇ ಸ್ಥಾನದ ಟೊಯೊಟಾಗೂ ಅದಕ್ಕೂ ಇದ್ದ ಅಂತರ 14.221 ಸೆಕೆಂಡ್. ನಿಮ್ಮ ಪ್ರಶ್ನೆಗೆ ಉತ್ತರ ಈ ಅಂಕಿಯೊಳಗೇ ಇದೆ.

ಈ ಕಾರುಗಳು ಒಂದು ಸಲ ಹೊರಟರೆ ಸುಮಾರು ಮುಕ್ಕಾಲು ಗಂಟೆ, ಹನ್ನೆರಡು ಸುತ್ತಿನ ಆಸುಪಾಸು ಓಡಿ ಇಂಧನಕ್ಕೆ ಪಿಟ್ಟಿಗೆ, ಅಂದರೆ ಟ್ರ್ಯಾಕ್ ಪಕ್ಕದಲ್ಲಿ ಟೀಮಿನವರು ಕಾಯುವ ಜಾಗಕ್ಕೆ, ಬರುತ್ತವೆ. ಒಂದು ಸಲ ಹೊರಟು ವಾಪಸ್ ಬರುವ ತನಕದ ಓಟಕ್ಕೆ 'ಸ್ಟಿಂಟ್' ಅಂತಾರೆ. 24 ಗಂಟೆಯಲ್ಲಿ ಎಷ್ಟು ಸಲ ನಿಲ್ಲಬೇಕಾಯಿತು ಲೆಕ್ಕ ಹಾಕಿ. ನಿಧಾನವಾಗಿ ಓಡಿದ ಹೊತ್ತು ಕಳೆದರೂ 25-30 ಸಲ. 14 ಸೆಕೆಂಡನ್ನು 28ರಿಂದ ಭಾಗಿಸಿದರೆ ಒಂದು ಸಲಕ್ಕೆ ಅರ್ಧ ಸೆಕೆಂಡ್. ಇಂಧನದ ಪೈಪ್ ಕಚ್ಚಿಸುವವನ ಕೈ ಪ್ರತಿ ಸಲ ಅರ್ಧ ಸೆಕೆಂಡ್ ತಡವಾಗಿದ್ದರೆ ಗೆದ್ದವರೇ ಬೇರೆ. ಅಲ್ಲಿ ನಿಲ್ಲುವುದು ತಪ್ಪಲ್ಲ, ಎಲ್ಲರೂ ನಿಲ್ಲಲೇಬೇಕು. ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ನಿಲ್ಲುವುದು ತಪ್ಪು.

ಪಿಟ್ಟಿನಲ್ಲಿ ಮೊದಲು ಇಂಧನ, ಅದು ಮುಗಿದ ಮೇಲೇ ಟೈರ್. ಎರಡೂ ಒಟ್ಟಿಗೆ ಇಲ್ಲ. ಇಂಧನ ತುಂಬುವಾಗ ಎಂಜಿನ್ ಆಫ್ ಇರಬೇಕು. ಒಳಗಿನ ದಾರಿಯಲ್ಲಿ 60ರ ಮೇಲೆ ಓಡಿಸುವಂತಿಲ್ಲ. ಇಂಧನ ತುಂಬುವ ಹೊತ್ತಿನಲ್ಲೇ ಡ್ರೈವರ್ ಬದಲಾಗಬಹುದು, ಅದಕ್ಕೆ ಬೇರೆ ಸಮಯ ಹೋಗುವುದಿಲ್ಲ. ಟೈರ್ ಬದಲಿಸಿದರೆ ಮಾತ್ರ ಅಷ್ಟು ಸೆಕೆಂಡ್ ಜಾಸ್ತಿ. ಅದಕ್ಕೇ ಒಂದೇ ಜೊತೆ ಟೈರಿನಲ್ಲಿ ಎರಡು ಮೂರು ಸ್ಟಿಂಟ್ ಎಳೆಯುತ್ತಾರೆ. ನೀವೂ ಹೊಸ ಟೈರಿಗೆ ದುಡ್ಡು ಬಿಚ್ಚುವ ಮುಂಚೆ ಹಾಗೇ ಅಲ್ವಾ?

ಕೈ ತಡವಾಗುವುದು ಎಷ್ಟು ಸುಲಭ ಅಂತ ನನಗೆ ಗೊತ್ತು. ಗ್ಯಾರೇಜ್ ಶುರು ಮಾಡುವ ಮುಂಚೆ ಕೆಲವು ವರ್ಷ ಚೆನ್ನೈ ಹತ್ತಿರದ ಟ್ರ್ಯಾಕಿನಲ್ಲಿ ಒಂದು ಸಣ್ಣ ಟೀಮಿಗೆ ಕೈಯಾಳಾಗಿ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಕ್ವಾಲಿಫೈಯಿಂಗ್ (ರೇಸಿಗೆ ಯಾರು ಮುಂದೆ, ಯಾರು ಹಿಂದೆ ನಿಲ್ಲಬೇಕು ಅಂತ ತೀರ್ಮಾನಿಸುವ ಓಟ) ನಡುವೆ ಮುಂದಿನ ಎಡಗಡೆ ಚಕ್ರ ಬದಲಿಸಬೇಕಿತ್ತು. ಮೂರು ನಟ್ ಬಿಗಿದೆ. ನಾಲ್ಕನೆಯದು ಕಾದು ಕೆಂಡವಾಗಿತ್ತು, ಗ್ಲೌಸ್ ಬೆವರಿಗೆ ಒದ್ದೆ. ಜಾರಿತು. ಟಣ್ ಅಂತ ನೆಲಕ್ಕೆ ಬಿದ್ದು, ಉರುಳಿಕೊಂಡು ಹೋಗಿ ಟೂಲ್ ಟ್ರಾಲಿಯ ಕೆಳಗೆ ಸೇರಿತು. ನಾನು ಹೊಟ್ಟೆ ಮೇಲೆ ಮಲಗಿ ಕೈ ಹಾಕಿ ತಡಕಾಡುತ್ತಿದ್ದೇನೆ, ಕಾರಿನೊಳಗೆ ಕೂತ ಹುಡುಗ ಹೆಲ್ಮೆಟ್ ಒಳಗಿಂದ ನನ್ನನ್ನೇ ನೋಡುತ್ತಿದ್ದಾನೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಅನಿಸಿತು. ಆವತ್ತಿನಿಂದ ಜೇಬಿನಲ್ಲಿ ಒಂದು ನಟ್ ಜಾಸ್ತಿ ಇಟ್ಟುಕೊಳ್ಳುವ ಅಭ್ಯಾಸ. ಈಗಲೂ ಇದೆ. ಹೆಂಡತಿ ಬಟ್ಟೆ ಒಗೆಯುವಾಗ ಸಿಕ್ಕಿ ಮಂಗಳಾರತಿ ಎತ್ತುತ್ತಾಳೆ.

ಈಗ ಬಾಗಿಲಿಗೆ ಬರೋಣ. ಅದು 50ನೇ ನಂಬರಿನ ಫೆರಾರಿ 499ಪಿ. ಆಂಟೋನಿಯೊ ಫುವೊಕೊ, ಮಿಗೆಲ್ ಮೊಲಿನಾ, ನಿಕ್ಲಾಸ್ ನೀಲ್ಸನ್ ಅಂತ ಮೂವರು ಡ್ರೈವರ್. ಬಾಗಿಲು ತೆರೆದುಕೊಂಡಾಗ ನೀಲ್ಸನ್ ಓಡಿಸುತ್ತಿದ್ದ. ರೇಸ್ ನಡೆಸುವವರು ಅವನಿಗೆ ಕಪ್ಪು ಬಾವುಟ ತೋರಿಸಿದರು, ನಡುವೆ ಕಿತ್ತಳೆ ಬಣ್ಣದ ಚಕ್ರ ಇರುವಂಥದ್ದು. 'ನಿನ್ನ ಗಾಡಿಯಲ್ಲಿ ಏನೋ ಕೆಟ್ಟಿದೆ, ಒಳಗೆ ಬಂದು ಸರಿ ಮಾಡಿಸಿಕೋ' ಅಂತ ಅದರ ಅರ್ಥ. ಅಷ್ಟು ವೇಗದಲ್ಲಿ ಬಾಗಿಲು ಕಿತ್ತು ಹಾರಿದರೆ ಹಿಂದಿನವನ ಗತಿ ಏನು? ಬರಲ್ಲ ಅನ್ನುವಂತಿಲ್ಲ.

ನೀಲ್ಸನ್ ಒಳಗೆ ಬಂದ. ಬಾಗಿಲು ಹಾಕುವುದು ದೊಡ್ಡ ಕೆಲಸವಲ್ಲ. ನಷ್ಟವಾದದ್ದು ಬೇರೆ ಕಡೆ. ಆ ನಿಲುಗಡೆ ಅವರು ಲೆಕ್ಕ ಹಾಕಿದ್ದಕ್ಕಿಂತ ಮೊದಲೇ ಬಂದುಬಿಟ್ಟಿತು. ನೀವು ತುಮಕೂರಿನಲ್ಲಿ ಡೀಸೆಲ್ ಹೊಡೆಸೋಣ ಅಂತಿದ್ದಾಗ ಟೈರ್ ಪಂಕ್ಚರ್ ಆಗಿ ಶಿರಾದಲ್ಲೇ ನಿಲ್ಲಬೇಕಾಯಿತು ಅಂದುಕೊಳ್ಳಿ. ಹೇಗೂ ನಿಂತಿದ್ದೀವಿ, ಇಲ್ಲೇ ಹೊಡೆಸಿಬಿಡೋಣ ಅಂತೀರಿ. ಆ ನಿಲುಗಡೆ ಪೂರ್ತಿ ದಂಡವಾಗಲಿಲ್ಲ, ಸರಿ. ಆದರೆ ಅಲ್ಲಿಂದ ಮುಂದಿನ ಲೆಕ್ಕವೆಲ್ಲ ತಪ್ಪಿತು. ಮುಂದೆ ಎಲ್ಲೋ ಒಂದು ಕಡೆ ಇದ್ದಷ್ಟರಲ್ಲೇ ಉದ್ದ ಎಳೆಯಬೇಕು. ಫೆರಾರಿಗೂ ಅದೇ ಆಯಿತು. ಮುಕ್ಕಾಲು ಗಂಟೆಗೆ ಬರುವಷ್ಟು ಇಂಧನವನ್ನು ಕೊನೆಯ ಸ್ಟಿಂಟಿನಲ್ಲಿ ಅದಕ್ಕಿಂತ ಜಾಸ್ತಿ ಹೊತ್ತು ಎಳೆಯಬೇಕಾಯಿತು.

ಟಿವಿ ಪರದೆಯಲ್ಲಿ ಒಂದು ಶೇಕಡಾ ಅಂಕಿ ಇಳಿಯುತ್ತಾ ಬರುವುದನ್ನು ನೋಡಿದಿರಾ? ಅದು ಬರೀ ಪೆಟ್ರೋಲ್ ಲೆಕ್ಕವಲ್ಲ. ಚಕ್ರಕ್ಕೆ ಬಲ ಕೊಡುವ ಶಾಫ್ಟಿನ ಮೇಲೆ ಸೆನ್ಸರ್ ಕೂರಿಸಿ, ಒಂದು ಸ್ಟಿಂಟಿನಲ್ಲಿ ಒಟ್ಟು ಇಷ್ಟೇ ಶಕ್ತಿ ಬಳಸಬೇಕು ಅಂತ ಮಿತಿ ಹಾಕಿರುತ್ತಾರೆ. ಮೊಬೈಲ್ ಬ್ಯಾಟರಿ ಇದ್ದ ಹಾಗೆ 100ರಿಂದ ಇಳಿಯುತ್ತಾ ಹೋಗುತ್ತದೆ. ನೀಲ್ಸನ್ ಗೆರೆ ದಾಟಿದಾಗ ಅದರಲ್ಲಿ ಉಳಿದಿದ್ದು 2.

ಕೊನೆಯಲ್ಲಿ ಮಳೆ ಇದ್ದದ್ದು ಅವನಿಗೆ ಒಳ್ಳೆಯದೇ ಆಯಿತು. ಒದ್ದೆ ರಸ್ತೆಯಲ್ಲಿ ಯಾರೂ ಪೂರ್ತಿ ಒತ್ತಲು ಆಗುವುದಿಲ್ಲ. ವೇಗ ಕಮ್ಮಿ, ಖರ್ಚೂ ಕಮ್ಮಿ. ತಿರುವಿಗೆ ಮುಂಚೆ ಸ್ವಲ್ಪ ಬೇಗ ಕಾಲು ಎತ್ತಿ ಗಾಡಿಯನ್ನು ಸುಮ್ನೆ ಹೋಗಲು ಬಿಡುವುದು. ನಿಮ್ಮ ಹಳೇ ಡ್ರೈವರುಗಳನ್ನು ಕೇಳಿ, ಇಳಿಜಾರಿನಲ್ಲಿ ಹೇಗೆ ಡೀಸೆಲ್ ಉಳಿಸುತ್ತಾರೆ ಅಂತ ಹೇಳುತ್ತಾರೆ. ಇವನು ಅದನ್ನೇ ಮಾಡಿದ, ಹಿಂದೆ ಟೊಯೊಟಾ ಅಟ್ಟಿಸಿಕೊಂಡು ಬರುತ್ತಿರುವಾಗ. ನನ್ನ ಲೆಕ್ಕದಲ್ಲಿ ಆ ರೇಸಿನ ಅತ್ಯುತ್ತಮ ಓಟ ಅದು. ನೋಡಲು ಏನೂ ಇರಲಿಲ್ಲ ಅನ್ನೋದೇ ಅದರ ವಿಶೇಷ.

ಟೊಯೊಟಾದವರದ್ದೂ ಸಣ್ಣ ಕಥೆಯಲ್ಲ. 7ನೇ ನಂಬರಿನ ಆ ಕಾರಿನ ಸಮಯ ಕ್ವಾಲಿಫೈಯಿಂಗ್‌ನಲ್ಲಿ ರದ್ದಾಗಿ, ಹೈಪರ್‌ಕಾರ್ ಅನ್ನುವ ಅತಿ ವೇಗದ ಗುಂಪಿನ 23 ಕಾರುಗಳಲ್ಲಿ ಅದು ಕೊನೆಯದಾಗಿ ಹೊರಟಿತ್ತು. ಓಡಿಸಬೇಕಿದ್ದ ಮೈಕ್ ಕಾನ್ವೇ ಮೊದಲೇ ಸೈಕಲ್‌ನಿಂದ ಬಿದ್ದು ಮೂಳೆ ಮುರಿದುಕೊಂಡ. ಬದಲಿಗೆ ಹೊಸೆ ಮರಿಯಾ ಲೋಪೆಜ್ ಬಂದ. ಕೊನೆಯ ಘಟ್ಟದಲ್ಲಿ ಫೆರಾರಿಯ ಬೆನ್ನು ಹತ್ತಿದ್ದು ಅವನೇ. ಆದರೆ ಒಂದು ಕಡೆ ಗಾಡಿ ಗಿರಕಿ ಹೊಡೆದು ಸೆಕೆಂಡುಗಳು ಹೋದವು. ಅಂದರೆ ಬಾಗಿಲಿನಿಂದ ಫೆರಾರಿ ಕಳೆದುಕೊಂಡದ್ದನ್ನು ಟೊಯೊಟಾ ಆ ಗಿರಕಿಯಲ್ಲಿ ವಾಪಸ್ ಕೊಟ್ಟಿತು ಅನ್ನಬಹುದು.

24 ಗಂಟೆ ಓಡಿದರೂ ಅಂತರ ಇಷ್ಟು ಕಮ್ಮಿ ಉಳಿದದ್ದು ಹೇಗೆ ಅಂತ ನೀವು ಕೇಳಲಿಲ್ಲ. ಕೇಳಬೇಕಿತ್ತು. ಆ ರಾತ್ರಿ ಮಳೆ ಜೋರಾಗಿ, ಸೇಫ್ಟಿ ಕಾರ್ ಬಿಟ್ಟರು. ಅದು ಮುಂದೆ ನಿಧಾನವಾಗಿ ಹೋಗುತ್ತದೆ, ಯಾರೂ ಹಿಂದೆ ಹಾಕುವಂತಿಲ್ಲ. ಹೀಗೆ ನಾಲ್ಕು ಗಂಟೆಗೂ ಜಾಸ್ತಿ ಹೊತ್ತು ಸಾಲಾಗಿ ಓಡಿದರು. ನಮ್ಮ ದಾವಣಗೆರೆಯ ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನಲ್ಲಿ ನೀವು ಯಾವತ್ತಾದರೂ ಸಿಕ್ಕಿಹಾಕಿಕೊಂಡಿರಬಹುದು. ಬೈಕಿನಲ್ಲಿ ರೊಯ್ಯನೆ ಬಂದವನೂ, ಎತ್ತಿನ ಗಾಡಿಯವನೂ ಗೇಟಿನ ಮುಂದೆ ಅಕ್ಕಪಕ್ಕ ನಿಲ್ಲಬೇಕಿತ್ತು. ಗೇಟ್ ತೆಗೆದಾಗ ಇಬ್ಬರಿಗೂ ಹೊಸ ಲೆಕ್ಕ. ಸೇಫ್ಟಿ ಕಾರ್ ಮಾಡುವುದೂ ಅದನ್ನೇ. ಒಂದು ನಿಮಿಷ ಮುಂದಿದ್ದವನ ಗಳಿಕೆಯೆಲ್ಲ ಕರಗಿಹೋಗುತ್ತದೆ. ಅದಕ್ಕೇ ಕೊನೆಗೆ ಒಂಬತ್ತು ಕಾರು ಒಂದೇ ಸುತ್ತಿನಲ್ಲಿದ್ದವು. ಹಿಂದೆಲ್ಲ ಮೊದಲನೆಯದಕ್ಕೂ ಎರಡನೆಯದಕ್ಕೂ ಹಲವು ಸುತ್ತುಗಳ ಅಂತರ ಇರುತ್ತಿದ್ದ ರೇಸ್ ಇದು.

ಅಲ್ಲಿನ ಮಳೆಯೂ ನಿಮ್ಮ ಜಿಲ್ಲೆಯ ಮಳೆಯ ಹಾಗೆ. ಹೊಳಲ್ಕೆರೆಯಲ್ಲಿ ಸುರಿಯುತ್ತಿದ್ದರೆ ಚಳ್ಳಕೆರೆಯಲ್ಲಿ ಧೂಳು ಏಳುತ್ತಿರುತ್ತದೆ. 13 ಕಿಲೋಮೀಟರಿನ ಸುತ್ತಿನಲ್ಲಿ ಒಂದು ತುದಿ ಒದ್ದೆ, ಒಂದು ತುದಿ ಒಣ. ಮಳೆ ಟೈರ್ ಹಾಕಿಸಿಕೊಂಡು ಹೋದವನಿಗೆ ಒಣ ರಸ್ತೆಯಲ್ಲಿ ಅದು ಸವೆದು ಚಿಂದಿಯಾಗುತ್ತದೆ. ನುಣುಪು ಟೈರಿನಲ್ಲೇ ಧೈರ್ಯ ಮಾಡಿದವನು ಒದ್ದೆ ತಿರುವಿನಲ್ಲಿ ಜಾರುತ್ತಾನೆ. ಯಾರ ಅಂದಾಜು ಸರಿ ಅಂತ ಗೊತ್ತಾಗುವುದು ಹತ್ತು ನಿಮಿಷ ಆದಮೇಲೆ.

ನಿಲ್ಲಬಾರದ ಕಡೆ ನಿಂತರೆ ಏನಾಗುತ್ತದೆ ಅನ್ನೋದಕ್ಕೆ 2016ರ ರೇಸ್ ನೋಡಿ. ಮಗನಿಗೆ ಹೇಳಿ, ಹಾಕಿ ತೋರಿಸುತ್ತಾನೆ. ಟೊಯೊಟಾ ಅಲ್ಲಿಯ ತನಕ ಒಂದು ಸಲವೂ ಲೆ ಮಾನ್ಸ್ ಗೆದ್ದಿರಲಿಲ್ಲ. ಆವತ್ತು ಗೆಲ್ಲುತ್ತಿತ್ತು. ಕಜುಕಿ ನಕಜಿಮಾ ಮುಂದಿದ್ದ. ಇನ್ನು ಕೆಲವೇ ನಿಮಿಷ ಇದೆ ಅನ್ನುವಾಗ ರೇಡಿಯೊದಲ್ಲಿ ಶಕ್ತಿ ಹೋಯ್ತು ಅಂತ ಕೂಗಿದ. ಕಾರು ನಿಧಾನವಾಗಿ ಬಂದು, ತನ್ನ ಟೀಮಿನವರ ಕಣ್ಣೆದುರೇ ಗೆರೆಯ ಹತ್ತಿರ ನಿಂತುಬಿಟ್ಟಿತು. ಪೋರ್ಷೆ ಪಕ್ಕದಲ್ಲೇ ಹಾದುಹೋಗಿ ಗೆದ್ದಿತು. ಟೊಯೊಟಾ ಕಡೆಗೂ ತೆವಳಿಕೊಂಡು ಸುತ್ತು ಮುಗಿಸಿತು, ಆದರೆ ಕೊನೆಯ ಸುತ್ತಿಗೆ ನಿಯಮ ಕೊಟ್ಟ ಸಮಯ ಮೀರಿದ್ದರಿಂದ ಎರಡನೇ ಸ್ಥಾನವೂ ಸಿಗಲಿಲ್ಲ. ಪಟ್ಟಿಯಲ್ಲಿ ಹೆಸರೇ ಇಲ್ಲ. 2018ರಲ್ಲಿ ಟೊಯೊಟಾ ಮೊದಲ ಸಲ ಗೆದ್ದಾಗ ಕೊನೆಯಲ್ಲಿ ಓಡಿಸಿದ್ದು ಅದೇ ನಕಜಿಮಾ. ಬೇಕಂತಲೇ ಅವನನ್ನು ಕೂರಿಸಿದರೋ ಏನೋ, ನನಗಂತೂ ನೋಡಿ ಗಂಟಲು ಕಟ್ಟಿತ್ತು.

ಡ್ರೈವರ್ ಬದಲಾವಣೆ ಬಗ್ಗೆ ಒಂದು ಮಾತು. ಒಬ್ಬ ಯಾವುದೇ ಆರು ಗಂಟೆಯಲ್ಲಿ ನಾಲ್ಕು ಗಂಟೆಗಿಂತ ಜಾಸ್ತಿ, ಒಟ್ಟು 14 ಗಂಟೆಗಿಂತ ಜಾಸ್ತಿ ಓಡಿಸುವಂತಿಲ್ಲ. ಒಬ್ಬ ಊಟಕ್ಕೆ ಹೋದಾಗ ಕಾವಲು ತಪ್ಪಬಾರದು ಅಂತ ದುರ್ಗದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಆದರೆ ನಿಮ್ಮ ಲಾರಿಗಳಲ್ಲಿ ಈ ನಾಲ್ಕು ಗಂಟೆ ಲೆಕ್ಕ ಇದೆಯಾ ಅಂತ ಒಮ್ಮೆ ನೋಡಿ.

ಬಾಗಿಲಿನ ವಿಷಯ ಬಂತು ಅಂತ ಇನ್ನೊಂದು. ಮುಂಚೆ ಈ ರೇಸ್ ಶುರುವಾಗುತ್ತಿದ್ದದ್ದೇ ಬೇರೆ ರೀತಿ. ಡ್ರೈವರುಗಳು ರಸ್ತೆಯ ಆ ಕಡೆ ನಿಂತು, ಬಾವುಟ ಬೀಸಿದ ಕೂಡಲೇ ಓಡಿ ಬಂದು ಹತ್ತಿ, ಬಾಗಿಲು ಎಳೆದುಕೊಂಡು ಹೊರಡಬೇಕು. ಆತುರದಲ್ಲಿ ಬೆಲ್ಟ್ ಯಾರು ಹಾಕುತ್ತಾರೆ? 1969ರಲ್ಲಿ ಜಾಕಿ ಇಕ್ಸ್ ಅನ್ನುವ ಬೆಲ್ಜಿಯಂ ಡ್ರೈವರ್ ಇದು ಸರಿಯಲ್ಲ ಅಂತ ತೋರಿಸಲು ಆರಾಮಾಗಿ ನಡೆದುಕೊಂಡು ಹೋಗಿ, ಬೆಲ್ಟ್ ಬಿಗಿದುಕೊಂಡು ಎಲ್ಲರಿಗಿಂತ ಕೊನೆಗೆ ಹೊರಟ. ಅದೇ ಮೊದಲ ಸುತ್ತಿನಲ್ಲಿ ಬೆಲ್ಟ್ ಹಾಕದ ಒಬ್ಬ ಡ್ರೈವರ್ ಅಪಘಾತದಲ್ಲಿ ಸತ್ತ. 24 ಗಂಟೆ ಆದಮೇಲೆ ಇಕ್ಸ್ ಗೆದ್ದ, ಸುಮಾರು 120 ಮೀಟರ್ ಅಂತರದಲ್ಲಿ. ಮುಂದಿನ ವರ್ಷದಿಂದ ಓಡಿ ಬಂದು ಹತ್ತುವುದು ನಿಂತಿತು.

ಇದು ಬರೀ ಒಂದು ರೇಸ್ ಅಲ್ಲ. ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಷಿಪ್ ಅಂತ 2012ರಿಂದ ನಡೆಯುತ್ತಿರುವ ಸರಣಿಯ ಒಂದು ಸುತ್ತು. 2024ರಲ್ಲಿ ಒಟ್ಟು ಎಂಟು ಸುತ್ತು ಇದ್ದವು: ಕತಾರ್, ಇಮೋಲಾ, ಸ್ಪಾ, ಲೆ ಮಾನ್ಸ್, ಸಾವೊ ಪಾಲೊ, ಅಮೆರಿಕದ ಆಸ್ಟಿನ್, ಜಪಾನಿನ ಫುಜಿ, ಬಹ್ರೇನ್. ಆರು ಗಂಟೆಯ ರೇಸ್ ಗೆದ್ದರೆ 25 ಅಂಕ, ಲೆ ಮಾನ್ಸ್‌ನಲ್ಲಿ 50. ಹಾಗಿದ್ದರೂ ಆ ವರ್ಷದ ಡ್ರೈವರ್ ಪ್ರಶಸ್ತಿ ಫೆರಾರಿಯವರಿಗೆ ಹೋಗಲಿಲ್ಲ, ಲೆ ಮಾನ್ಸ್‌ನಲ್ಲಿ ನಾಲ್ಕನೆಯವರಾಗಿ ಬಂದ 6ನೇ ನಂಬರ್ ಪೋರ್ಷೆಯವರಿಗೆ ಹೋಯಿತು.

ನೀವು ನೋಡಿದ 62 ಕಾರುಗಳಲ್ಲಿ ಮೂರು ಗುಂಪು. 23 ಹೈಪರ್‌ಕಾರ್, ಒಟ್ಟಾರೆ ಗೆಲುವು ಅವುಗಳಲ್ಲೇ. 16 ಎಲ್‌ಎಂಪಿ2, ರೇಸಿಗೆಂದೇ ಕಟ್ಟಿದ, ಹೈಪರ್‌ಕಾರಿಗಿಂತ ಸ್ವಲ್ಪ ನಿಧಾನದವು. ಇನ್ನು 23 ಎಲ್‌ಎಂಜಿಟಿ3, ಶೋರೂಮಿನ ಕಾರಿನ ಆಕಾರ ಇರುವಂಥವು. ಪ್ರತಿ ಗುಂಪಿಗೂ ಬೇರೆ ಬೇರೆ ಗೆಲುವು. ಅದಕ್ಕೇ ಯಾರು ಯಾರನ್ನು ಹಿಂದೆ ಹಾಕಿದರು ಅಂತ ನೋಡಿದರೆ ತಲೆ ಕೆಡುತ್ತದೆ. ಬೇರೆ ಬೇರೆ ಕಂಪನಿಯ ಹೈಪರ್‌ಕಾರುಗಳನ್ನು ಸಮ ಮಾಡಲು ತೂಕ, ಶಕ್ತಿ ಏರಿಳಿಸುವ ಪದ್ಧತಿಯೊಂದಿದೆ. ಚೆನ್ನಾಗಿ ಮಾಡಿದವನ ಬೆನ್ನಿಗೆ ಮೂಟೆ ಹೇರುವುದು ನನಗೆ ಹಿಡಿಸುವುದಿಲ್ಲ. ಆದರೆ ಅದಿಲ್ಲದಿದ್ದರೆ ಇಷ್ಟು ಕಂಪನಿಗಳು ಬರುತ್ತಿರಲಿಲ್ಲ ಅನ್ನೋದೂ ನಿಜ.

ಇಂಧನದ ಬಗ್ಗೆ ಹೇಳದೆ ಬಿಡಲು ಮನಸ್ಸಾಗುತ್ತಿಲ್ಲ. 2022ರಿಂದ ಅಲ್ಲಿ ಬಳಸುವುದು ವೈನ್ ತಯಾರಿಕೆಯಲ್ಲಿ ಉಳಿದ ದ್ರಾಕ್ಷಿ ಚರಟದಿಂದ ಮಾಡಿದ ಇಂಧನ. ನಮ್ಮಲ್ಲಿ ಕಬ್ಬು, ಮೆಕ್ಕೆಜೋಳದಿಂದ ಎಥೆನಾಲ್ ತೆಗೆದು ಪೆಟ್ರೋಲಿಗೆ ಬೆರೆಸುತ್ತಾರಲ್ಲ, ಅದೇ ಜಾತಿ. ನಮ್ಮ ಜಿಲ್ಲೆಯಲ್ಲಿ ಮೆಕ್ಕೆಜೋಳಕ್ಕೆ ಬರವಿಲ್ಲ, ರೇಸಿಗೆ ಮಾತ್ರ ಬರ.

ನಮ್ಮವರ ವಿಷಯ. 2009ರಲ್ಲಿ ನಾರಾಯಣ್ ಕಾರ್ತಿಕೇಯನ್ ಆಡಿ ಕಾರಿನಲ್ಲಿ ಓಡಿಸಬೇಕಿತ್ತು. ರೇಸ್ ಶುರುವಾಗುವ ಮುಂಚೆ ಪಿಟ್ ಗೋಡೆಯಿಂದ ಬಿದ್ದು ಭುಜ ಜಾರಿ, ಓಡಿಸಲು ಆಗಲೇ ಇಲ್ಲ. ಓಡಿಸಿದ ಮೊದಲ ಭಾರತೀಯ ಕರುಣ್ ಚಾಂಧೋಕ್, 2012ರಲ್ಲಿ. ಅವರ ಕಾರು ಒಟ್ಟಾರೆ ಆರನೆಯದಾಗಿ ಮುಗಿಸಿತು, ಸಣ್ಣ ಸಾಧನೆಯಲ್ಲ. 2019ರಲ್ಲಿ ನಮ್ಮ ಬೆಂಗಳೂರಿನ ಅರ್ಜುನ್ ಮೈನಿ ಎಲ್‌ಎಂಪಿ2 ಗುಂಪಿನಲ್ಲಿ ಓಡಿಸಿದರು. ಮಗನಿಗೆ ಅಲ್ಲಿಗೆ ಹೋಗುವ ಆಸೆ ಇದ್ದರೆ ಸ್ಟೀರಿಂಗ್ ಹಿಡಿಯುವ ದಾರಿಗೆ ಕೋಟಿ ಬೇಕು. ಸ್ಪ್ಯಾನರ್ ಹಿಡಿಯುವ ದಾರಿಗೆ ಅಷ್ಟು ಬೇಡ. ಅವನ ಡಿಪ್ಲೊಮಾ ಮುಗಿಯಲಿ, ಚೆನ್ನೈ, ಕೊಯಮತ್ತೂರಿನ ಟ್ರ್ಯಾಕುಗಳಲ್ಲಿ ಟೀಮುಗಳಿಗೆ ಕೈಯಾಳು ಯಾವಾಗಲೂ ಬೇಕು.

ಮುಂದಿನ ಜೂನ್‌ನಲ್ಲಿ ಲೈವ್ ನೋಡಿ. ಶನಿವಾರ ಅಲ್ಲಿ ಸಂಜೆ ನಾಲ್ಕಕ್ಕೆ ಶುರುವಾದರೆ ನಮಗೆ ಏಳೂವರೆ. ಮೊದಲ ಒಂದು ಗಂಟೆ ನೋಡಿ ಮಲಗಿ. ನಾನೂ ಮಲಗುತ್ತೇನೆ, ಪೂರ್ತಿ ನೋಡಿದೆ ಅಂತ ಹೇಳುವವರನ್ನು ನಂಬಬೇಡಿ. ಭಾನುವಾರ ಸಂಜೆ ಐದೂವರೆಗೆ ಮತ್ತೆ ಹಾಕಿ. ಆ ವರ್ಷ ಬಾಗಿಲು ತೆರೆದುಕೊಂಡದ್ದು ಹೆಚ್ಚುಕಡಿಮೆ ಆ ಹೊತ್ತಿಗೇ. ಮಂಡಕ್ಕಿ ಮಿರ್ಚಿ ಮೊದಲೇ ತರಿಸಿಟ್ಟುಕೊಳ್ಳಿ. ಕೊನೆಯ ಎರಡು ಗಂಟೆ ಏಳಲು ಆಗುವುದಿಲ್ಲ.